ಓದೂ ಬೇಕು, ಚೆಂಡೂ ಬೇಕು: ಅಮೆರಿಕದ ಕಾಲೇಜು ಮೈದಾನದ ಕಥೆ

ಓದೋ ಹುಡುಗ ಆಡೋದಿಲ್ಲ, ಆಡೋ ಹುಡುಗ ಓದೋದಿಲ್ಲ. ಇದು ನಮ್ಮ ಕಡೆ ತಂದೆತಾಯಿಗಳ ಖಾಯಂ ತೀರ್ಪು. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಬೂಟು ಅಟ್ಟ ಸೇರುತ್ತದೆ, ಚೆಂಡಿನ ಗಾಳಿ ಇಳಿಯುತ್ತದೆ. ಪಿಯುಸಿ ಮುಗಿಯುವ ಹೊತ್ತಿಗೆ ಹುಡುಗನಿಗೆ ಆಟವೂ ಮರೆತಿರುತ್ತದೆ, ಆಸೆಯೂ ಹೋಗಿರುತ್ತದೆ. ಹಾಗಂತ ಆ ತಂದೆತಾಯಿಗಳನ್ನು ಬಯ್ಯೋಕೆ ಕೂತಿಲ್ಲ ನಾನು. ಅಂಗಡಿ ಬಾಡಿಗೆ ಕಟ್ಟೋರಿಗೆ, ತಿಂಗಳ ಬಸ್ ಪಾಸಿನ ಲೆಕ್ಕ ಹಾಕೋರಿಗೆ ಮಗನ ಡಿಗ್ರಿ ಅಂದರೆ ಎಲ್ಲೈಸಿ ಪಾಲಿಸಿ, ಚೆಂಡು ಅಂದರೆ ಲಾಟರಿ ಟಿಕೇಟು. ಯಾವುದನ್ನು ಇಟ್ಟುಕೊಳ್ಳುತ್ತಾರೆ, ನೀವೇ ಹೇಳಿ.

ಆದರೆ ಸ್ವಾಮಿ, ಪಾಲಿಸಿ ಮತ್ತು ಲಾಟರಿ ಎರಡನ್ನೂ ಒಂದೇ ಕಾಂಪೌಂಡಿನೊಳಗೆ ಇಟ್ಟ ದೇಶ ಒಂದುಂಟು. ಅಮೆರಿಕ. ಇಂಗ್ಲೆಂಡ್, ಬ್ರೆಜಿಲ್, ಜರ್ಮನಿ ಇಲ್ಲೆಲ್ಲ ಫುಟ್‌ಬಾಲ್ ಹುಡುಗನನ್ನು ಎಂಟು-ಹತ್ತು ವರ್ಷಕ್ಕೇ ಕ್ಲಬ್ಬುಗಳು ಎತ್ತಿಕೊಂಡು ಹೋಗುತ್ತವೆ. ಅಲ್ಲಿ ಕಾಲೇಜಿಗೂ ಕಾಲ್ಚೆಂಡಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿ ಮಾತ್ರ ಬಹುಕಾಲ ರಾಷ್ಟ್ರೀಯ ತಂಡದ ದಾರಿ ಕಾಲೇಜಿನ ಗೇಟಿನ ಮೂಲಕವೇ ಹೋಗುತ್ತಿತ್ತು. ಬೆಳಿಗ್ಗೆ ಕ್ಲಾಸು, ಸಂಜೆ ಮೈದಾನ, ನಾಲ್ಕು ವರ್ಷ ಆದಮೇಲೆ ಪ್ರೊಫೆಷನಲ್ ಕ್ಲಬ್ಬು. ಕಾಲು ಮುರಿದರೆ ಸರ್ಟಿಫಿಕೇಟು ಕೈಯಲ್ಲಿ ಇದ್ದೇ ಇರುತ್ತದೆ.

ಈಗ ಯಾಕೆ ಈ ಪುರಾಣ ಅಂತೀರಾ? 2026ರ ವಿಶ್ವಕಪ್ಪಿನ ಆತಿಥ್ಯವನ್ನು ಕೆನಡಾ, ಮೆಕ್ಸಿಕೊ ಜೊತೆ ಸೇರಿ ವಹಿಸಿಕೊಂಡ ದೇಶ ಅದು. ಅದೇ ಹೊತ್ತಿನಲ್ಲಿ ತನ್ನದೇ ಹಳೇ ದಾರಿಯನ್ನು ಒಂದೊಂದೇ ಕಲ್ಲು ಕಿತ್ತು ಮುಚ್ಚಿಕೊಳ್ಳುತ್ತಿದೆ. ಪೂರ್ತಿ ಮುಚ್ಚುವುದಕ್ಕೆ ಮೊದಲು ಆ ದಾರಿಯಲ್ಲಿ ಯಾರ್ಯಾರು ನಡೆದು ಬಂದರು, ಮುಚ್ಚಿದರೆ ಏಟು ಬೀಳೋದು ಯಾರಿಗೆ, ಅದನ್ನು ನೋಡೋಣ.

ಪಾತ್ರೆ ತೊಳೆಯುವವನ ಗೋಲು

1950ರ ಜೂನ್ 29, ಬ್ರೆಜಿಲಿನ ಬೆಲೊ ಹೊರಿಜಾಂಟೆ. ಫುಟ್‌ಬಾಲಿನ ಗುರುಮನೆ ಅನ್ನಿಸಿಕೊಂಡ ಇಂಗ್ಲೆಂಡನ್ನು ಅಮೆರಿಕ 1–0ಯಿಂದ ಸೋಲಿಸಿತು. ಆ ಒಂದು ಗೋಲನ್ನು ತಲೆಯಿಂದ ಹೊಡೆದವನು ಜೋ ಗೆಟ್ಜೆನ್ಸ್. ಊರು ಹೈಟಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಲೆಕ್ಕಪತ್ರ ಶಾಸ್ತ್ರ ಓದಲು ಬಂದು, ಖರ್ಚಿಗೆ ಸಾಲದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಆ ತಂಡದ ಕೋಚ್ ಬಿಲ್ ಜೆಫ್ರಿ ಪೆನ್ ಸ್ಟೇಟ್ ಕಾಲೇಜಿನ ಮೇಷ್ಟ್ರು. ತಂಡದಲ್ಲಿ ಶಾಲೆ ಮೇಷ್ಟ್ರು ವಾಲ್ಟರ್ ಬಾರ್ ಇದ್ದ. ಮುಂದೆ ಅದೇ ಪೆನ್ ಸ್ಟೇಟಿಗೆ ಕೋಚ್ ಆಗಿ ಹೋದ. ಗೆಟ್ಜೆನ್ಸ್ ಕಥೆ ಮಾತ್ರ ಸುಖಾಂತ್ಯವಲ್ಲ. ಹೈಟಿಗೆ ಮರಳಿದವನನ್ನು 1964ರ ಜುಲೈ 8ರಂದು ಸರ್ವಾಧಿಕಾರಿ ಡುವಾಲಿಯೆಯ ಜನ ಹಿಡಿದುಕೊಂಡು ಹೋದರು. ಆಮೇಲೆ ಅವನನ್ನು ಕಂಡವರಿಲ್ಲ.

(ಅಂದಹಾಗೆ, ಆ ವಿಶ್ವಕಪ್ಪಿಗೆ ಭಾರತಕ್ಕೂ ಕರೆ ಇತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನೋದು ಹೋಟೆಲ್ ಬೆಂಚಿನ ಕಥೆ. ಆಗ ನಮ್ಮ ದೊರೆಗಳಿಗೆ ಒಲಿಂಪಿಕ್ಸ್ ಒಂದೇ ದೊಡ್ಡದಾಗಿ ಕಂಡಿತ್ತು.)

ಅಲ್ಲಿಂದ ಮುಂದೆ ನಲವತ್ತು ವರ್ಷ ಅಮೆರಿಕಕ್ಕೆ ವಿಶ್ವಕಪ್ಪಿನ ಬಾಗಿಲು ತೆರೆಯಲಿಲ್ಲ. ಮಧ್ಯೆ 1975ರಲ್ಲಿ ನ್ಯೂಯಾರ್ಕ್ ಕಾಸ್ಮೋಸ್ ಕ್ಲಬ್ಬು ಪೆಲೆಯನ್ನೇ ಕರೆತಂದು ಆಡಿಸಿತು. ದುಡ್ಡು ನೀರಿನಂತೆ ಹರಿಯಿತು. ಆದರೆ ಆ ಲೀಗು 1984ರ ಸಾಲು ಮುಗಿಸಿ ಬಾಗಿಲು ಹಾಕಿತು. ಅಲ್ಲಿಂದ 1996ರವರೆಗೆ ಅಷ್ಟು ದೊಡ್ಡ ದೇಶದಲ್ಲಿ ಮೊದಲ ದರ್ಜೆಯ ಹೊರಾಂಗಣ ರಾಷ್ಟ್ರೀಯ ಲೀಗೇ ಇಲ್ಲ. ಹುಡುಗನಿಗೆ ಆಟ ಕಲಿಸೋರು ಯಾರು? ಕಾಲೇಜು. ಅದೊಂದೇ.

ಆ ಕಾಲೇಜು ಹುಡುಗರೇ 1989ರ ನವೆಂಬರ್ 19ರಂದು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿಗೆ ಹೋದರು. ಟ್ರಿನಿಡಾಡಿಗೆ ಡ್ರಾ ಮಾಡಿಕೊಂಡರೂ ಸಾಕಿತ್ತು. ಊರೆಲ್ಲ ಕೆಂಪು ಬಟ್ಟೆ ತೊಟ್ಟು ಹಬ್ಬಕ್ಕೆ ರೆಡಿ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪಾಲ್ ಕ್ಯಾಲಿಜೂರಿ ಎಡಗಾಲಲ್ಲಿ ದೂರದಿಂದ ಒಂದು ಹೊಡೆದ ನೋಡಿ, ಹಬ್ಬ ಸೂತಕವಾಯಿತು. 1–0. ಅಮೆರಿಕ ವಿಶ್ವಕಪ್ಪಿಗೆ ಬಂತು. ಇಟಲಿಯಲ್ಲಿ ಆಡಿದ ಮೂರೂ ಪಂದ್ಯ ಸೋತರು ಅನ್ನೋದು ಬೇರೆ ಮಾತು. ಜೆಕೊಸ್ಲೊವಾಕಿಯಾ ಐದು ಹೊಡೆಯಿತು. ಆದರೆ ಆ ತಂಡದ ಗೋಲಿ ಟೋನಿ ಮಿಯೋಲ, ಮಧ್ಯದಲ್ಲಿ ಆಡಿದ ಜಾನ್ ಹಾರ್ಕ್ಸ್ ಇಬ್ಬರೂ ವರ್ಜೀನಿಯಾ ವಿಶ್ವವಿದ್ಯಾಲಯದವರು. ಹಾರ್ಕ್ಸ್ ಮರುವರ್ಷವೇ ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ಸೇರಿ 1991ರಲ್ಲಿ ಅಲ್ಲಿನ ಲೀಗ್ ಕಪ್ ಗೆದ್ದ ತಂಡದಲ್ಲಿದ್ದ.

ಆ ಹುಡುಗರಿಗೆ ವರ್ಜೀನಿಯಾದಲ್ಲಿ ಪಾಠ ಹೇಳಿದ ಕೋಚ್ ಬ್ರೂಸ್ ಅರೀನಾ. 2002ರಲ್ಲಿ ಇದೇ ಮನುಷ್ಯ ರಾಷ್ಟ್ರೀಯ ತಂಡವನ್ನು ಕೊರಿಯಾಕ್ಕೆ ಕರೆದೊಯ್ದು ಪೋರ್ಚುಗಲ್ ಮೇಲೆ 3–2, ಮೆಕ್ಸಿಕೊ ಮೇಲೆ 2–0 ಗೆಲ್ಲಿಸಿ ಕ್ವಾರ್ಟರ್ ಫೈನಲ್ ತನಕ ಎಳೆದು ತಂದ. ಆ ಎರಡೂ ಪಂದ್ಯದಲ್ಲಿ ಗೋಲು ಹೊಡೆದ ಬ್ರಯನ್ ಮೆಕ್‌ಬ್ರೈಡ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದವನು. ಅದೇ ಟೂರ್ನಿಯಲ್ಲಿ ಎರಡು ಪೆನಾಲ್ಟಿ ತಡೆದ ಗೋಲಿ ಬ್ರಾಡ್ ಫ್ರೀಡೆಲ್ ಯುಸಿಎಲ್‌ಎದವನು. ಕಾಲೇಜು ಹುಡುಗರು ಅಂತ ಯುರೋಪಿನವರು ಮೂಗು ಮುರಿಯುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು.

ಸ್ಕಾಲರ್‌ಶಿಪ್ಪಿನ ಹರುಕು ಹಂಚಿಕೆ

ಇದೆಲ್ಲ ಪುಕ್ಕಟೆ ನಡೆಯುತ್ತಿತ್ತು ಅಂದುಕೊಳ್ಳಬೇಡಿ. ಅಮೆರಿಕದ ಕಾಲೇಜು ಫೀಸು ಕೇಳಿದರೆ ನಮ್ಮ ಮೆಡಿಕಲ್ ಸೀಟಿನವರೂ ಕುರ್ಚಿ ಹಿಡಿದುಕೊಳ್ಳಬೇಕು. ಆಟಗಾರರಿಗೆ ಸ್ಕಾಲರ್‌ಶಿಪ್ ಇದೆ ನಿಜ. ಆದರೆ ಮೇಲ್ದರ್ಜೆಯ ಒಂದು ಪುರುಷರ ಫುಟ್‌ಬಾಲ್ ತಂಡಕ್ಕೆ ಬಹಳ ಕಾಲ ಇದ್ದ ಮಿತಿ ಎಷ್ಟು ಗೊತ್ತೆ? 9.9. ಹತ್ತೂ ಅಲ್ಲ! ತಂಡದಲ್ಲಿ ಇಪ್ಪತ್ತೈದು ಮೂವತ್ತು ಹುಡುಗರು. ಕೋಚ್ ಆದವನು ಕಿರಾಣಿ ಅಂಗಡಿಯವನ ಹಾಗೆ ತೂಗಿ ತೂಗಿ ಇವನಿಗೆ ಅರ್ಧ, ಅವನಿಗೆ ಕಾಲು, ಇನ್ನೊಬ್ಬನಿಗೆ ಬರೀ ಪುಸ್ತಕದ ದುಡ್ಡು ಅಂತ ಹಂಚಬೇಕು. ಹೆಂಗಸರ ತಂಡಕ್ಕೆ 14. ಅಮೆರಿಕನ್ ಫುಟ್‌ಬಾಲ್ ಅಂತ ಅವರದೇ ಒಂದು ಹೆಲ್ಮೆಟ್ಟಿನ ಆಟವಿದೆಯಲ್ಲ, ಅದಕ್ಕೆ 85. ಗಂಟು ಯಾರ ಕೈಯಲ್ಲಿದೆ ಅಂತ ತಿಳಿಯೋಕೆ ಈ ಮೂರು ಅಂಕಿ ಸಾಕು.

ಕಾಲೇಜು ಮುಗಿದಮೇಲೆ ಕ್ಲಬ್ಬಿಗೆ ಹೋಗುವ ವ್ಯವಸ್ಥೆಗೆ ಡ್ರಾಫ್ಟ್ ಅಂತ ಹೆಸರು. ನಮ್ಮ ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗೋದಿಲ್ಲ. ಸಾಮಾನ್ಯವಾಗಿ ಕಳೆದ ಸಲ ಕೆಳಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ, ಆಮೇಲೆ ಸರದಿ ಪ್ರಕಾರ. ಯಾವ ಊರಿಗೆ ಹೋಗಬೇಕು ಅನ್ನೋದು ಆಟಗಾರನ ಕೈಯಲ್ಲಿ ಇಲ್ಲ. ಮದುವೆಗೆ ಮುಂಚೆ ಮುಖ ನೋಡದ ಹಳೇ ಕಾಲದ ಸಂಬಂಧದ ಹಾಗೆ. ಆದರೂ ಈ ಬಾಗಿಲಿನಿಂದ ಒಳಬಂದವರನ್ನು ನೋಡಿ.

ಕ್ಲಿಂಟ್ ಡೆಂಪ್ಸಿ. ಟೆಕ್ಸಾಸಿನ ನ್ಯಾಕಡೋಚಸ್ ಅನ್ನೋ ಸಣ್ಣ ಊರಿನಲ್ಲಿ ಟ್ರೇಲರ್ ಮನೆಯಲ್ಲಿ ಬೆಳೆದವನು. ಮೆಕ್ಸಿಕೊ ಕಡೆಯಿಂದ ಬಂದ ಕೂಲಿಕಾರರ ಜೊತೆ ಮಣ್ಣಿನ ಮೈದಾನದಲ್ಲಿ ಆಡಿ ಕಲಿತ. ಒಳ್ಳೆ ತಂಡ ಬೇಕೆಂದರೆ ಡಲ್ಲಾಸಿಗೆ ಹೋಗಬೇಕು, ಒಂದು ದಾರಿಗೇ ಮೂರು ಗಂಟೆ ಕಾರು. ಅಕ್ಕ ಜೆನ್ನಿಫರ್ ಒಳ್ಳೆ ಟೆನಿಸ್ ಆಟಗಾರ್ತಿ. ಇಬ್ಬರ ಖರ್ಚು ಮನೆಗೆ ತಾಳದೆ ತಮ್ಮನ ಡಲ್ಲಾಸ್ ಓಡಾಟ ನಿಲ್ಲಿಸಿದರು. ನಮ್ಮ ಮನೆಗಳಲ್ಲಿ ನಡೆಯೋದೂ ಇದೇ ತಾನೆ, ಇಬ್ಬರಲ್ಲಿ ಒಬ್ಬರಿಗೆ. 1995ರಲ್ಲಿ ಹದಿನಾರರ ಆ ಹುಡುಗಿ ಮೆದುಳಿನ ರಕ್ತನಾಳ ಒಡೆದು ತೀರಿಕೊಂಡಳು. ಆಮೇಲೆ ಹುಡುಗನ ಡಲ್ಲಾಸ್ ಓಡಾಟ ಮತ್ತೆ ಶುರುವಾಯಿತು. ಯಾವ ಯುರೋಪಿನ ಕ್ಲಬ್ಬೂ ಅವನನ್ನು ಹುಡುಕಿಕೊಂಡು ಬರಲಿಲ್ಲ. ಕರೆದದ್ದು ದಕ್ಷಿಣ ಕೆರೊಲಿನಾದ ಫರ್ಮನ್ ಅನ್ನುವ ಸಣ್ಣ ವಿಶ್ವವಿದ್ಯಾಲಯ. 2004ರ ಡ್ರಾಫ್ಟಿನಲ್ಲಿ ಎಂಟನೆಯವನಾಗಿ ನ್ಯೂ ಇಂಗ್ಲೆಂಡ್ ತಂಡ ಸೇರಿದ. 2007ರಲ್ಲಿ ಲಂಡನ್ನಿನ ಫುಲ್ಹಂಗೆ ಹೋದ. ಪ್ರೀಮಿಯರ್ ಲೀಗಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಅಮೆರಿಕನ್ ಇವನೇ. ಮೂರು ವಿಶ್ವಕಪ್ಪುಗಳಲ್ಲೂ ಗೋಲು, ದೇಶಕ್ಕೆ ಒಟ್ಟು 57. ಗೋಲು ಹೊಡೆದಾಗ ಆಕಾಶ ನೋಡುತ್ತಿದ್ದ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಮ್ಯಾಟ್ ಟರ್ನರ್ ಇನ್ನೂ ವಿಚಿತ್ರ. ಹೈಸ್ಕೂಲು ವಯಸ್ಸಿಗೆ ಬಂದಮೇಲೆ ಈ ಆಟಕ್ಕೆ ಕೈಹಾಕಿದ. 2010ರ ವಿಶ್ವಕಪ್ ಟೀವಿಯಲ್ಲಿ ನೋಡಿ ಹುಚ್ಚು ಹತ್ತಿಸಿಕೊಂಡ. ಕನೆಕ್ಟಿಕಟ್‌ನ ಫೇರ್‌ಫೀಲ್ಡ್ ಕಾಲೇಜಿನ ಗೋಲಿಯಾಗಿದ್ದಾಗ ಒಮ್ಮೆ ಚೆಂಡು ಅಡ್ಡಪಟ್ಟಿಗೆ ಬಡಿದು ಮೇಲೆ ಹಾರಿ, ಕೆಳಗೆ ಬಿದ್ದು, ಇವನ ಕೈಗೇ ತಗುಲಿ ಗೋಲಾಯಿತು. ದೇಶದ ಟೀವಿಯವರು ಅದನ್ನೇ ತೋರಿಸಿ ತೋರಿಸಿ ನಕ್ಕರು. ಡ್ರಾಫ್ಟಿನಲ್ಲಿ ಒಬ್ಬರೂ ಎತ್ತಲಿಲ್ಲ. ನ್ಯೂ ಇಂಗ್ಲೆಂಡ್ ಕ್ಲಬ್ಬಿನ ಬಾಗಿಲಲ್ಲಿ ನಿಂತು ಟ್ರಯಲ್ ಕೊಟ್ಟು 2016ರಲ್ಲಿ ಒಳಗೆ ಸೇರಿದ. 2021ರಲ್ಲಿ ಆ ಲೀಗಿನ ವರ್ಷದ ಗೋಲಿ, 2022ರಲ್ಲಿ ಇಂಗ್ಲೆಂಡಿನ ಆರ್ಸೆನಲ್, ಅದೇ ವರ್ಷ ಕತಾರ್ ವಿಶ್ವಕಪ್ಪಿನಲ್ಲಿ ಅಮೆರಿಕದ ನಾಲ್ಕೂ ಪಂದ್ಯಕ್ಕೆ ಗೋಲಿ.

ಆ ಕತಾರಿನಲ್ಲಿ ಇಂಗ್ಲೆಂಡ್ ಜೊತೆ 0–0 ಆಯಿತಲ್ಲ, ಆ ದಿನದ ತಂಡ ಬಹಳ ಪಾಠ ಹೇಳುತ್ತದೆ. ಮುಂದೆ ಓಡುವವರು, ಮಧ್ಯದಲ್ಲಿ ಚೆಂಡು ಹಂಚುವವರು ಒಬ್ಬರೂ ಕಾಲೇಜಿನವರಲ್ಲ. ಎಲ್ಲ ಚಿಕ್ಕಂದಿನಲ್ಲೇ ಕ್ಲಬ್ಬು ಸೇರಿದ ಹುಡುಗರು. ಹಿಂದೆ ಗೋಡೆಯಾಗಿ ನಿಂತವರು ಮಾತ್ರ: ಗೋಲಿ ಟರ್ನರ್ ಫೇರ್‌ಫೀಲ್ಡಿನವನು, ವಾಕರ್ ಜಿಮ್ಮರ್‌ಮನ್ ಡೆಂಪ್ಸಿಯ ಅದೇ ಫರ್ಮನ್ನಿನವನು, ಮೂವತ್ತೈದರ ಟಿಮ್ ರೀಮ್ ಸೇಂಟ್ ಲೂಯಿಸ್‌ನವನು. ಗೋಲಿಗಳು, ಡಿಫೆಂಡರುಗಳು ತಡವಾಗಿ ಹಣ್ಣಾಗುವ ಜಾತಿ. ಹದಿನಾರಕ್ಕೆ ಅವರ ಬೆಲೆ ಗೊತ್ತಾಗೋದಿಲ್ಲ. ಕಾಲೇಜು ಅವರಿಗೆ ಕೊಟ್ಟದ್ದು ನಾಲ್ಕು ವರ್ಷದ ಬಿಡುವು.

ಮೂವತ್ತೇಳು ಪದದ ಕಾನೂನು

ಗಂಡಸರ ಕಥೆ ಇಷ್ಟಾದರೆ, ಹೆಂಗಸರ ಕಥೆಯ ಮುಂದೆ ಇದು ಏನೂ ಅಲ್ಲ.

1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಒಂದು ಶಿಕ್ಷಣ ಕಾನೂನಿಗೆ ಸಹಿ ಹಾಕಿದ. ಅದರೊಳಗಿನ ಒಂಬತ್ತನೇ ಅಧ್ಯಾಯ, ಟೈಟಲ್ ನೈನ್ ಅಂತ ಹೆಸರಾದದ್ದು, ಹೇಳಿದ್ದು ಇಷ್ಟೆ: ಸರ್ಕಾರದ ದುಡ್ಡು ತಿನ್ನುವ ಯಾವ ಶಾಲೆ ಕಾಲೇಜೂ ಗಂಡು-ಹೆಣ್ಣು ಅಂತ ಭೇದ ಮಾಡಕೂಡದು. ಇಂಗ್ಲಿಷಿನಲ್ಲಿ ಎಣಿಸಿದರೆ ಮೂವತ್ತೇಳು ಪದ. ಆಟ ಅನ್ನೋ ಶಬ್ದವೇ ಅದರಲ್ಲಿ ಇಲ್ಲ! ಆದರೆ ಕಾಲೇಜುಗಳ ಮ್ಯಾನೇಜ್‌ಮೆಂಟುಗಳು ಲೆಕ್ಕ ಹಾಕಿದವು. ಹುಡುಗರಿಗೆ ಹೆಲ್ಮೆಟ್ಟಿನ ಆಟಕ್ಕೆ ಅಷ್ಟೊಂದು ಸುರಿದರೆ, ಹುಡುಗಿಯರಿಗೆ ತಕ್ಕ ಪಾಲು ಕೊಡದಿದ್ದರೆ ಕೋರ್ಟು ಬಿಡೋದಿಲ್ಲ. ಒಂದು ಚೆಂಡು, ಒಂದು ಮೈದಾನ ಇದ್ದರೆ ಇಪ್ಪತ್ತೈದು ಹುಡುಗಿಯರು ಆಡುವ ಆಟ ಫುಟ್‌ಬಾಲ್. ಅಗ್ಗದಲ್ಲಿ ಕಾನೂನು ತೃಪ್ತಿ! ಪುಣ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದಿಂದ ಹುಟ್ಟಿದ ಮೈದಾನಗಳು ಅವು. ಇರಲಿ, ಹುಟ್ಟಿದವಲ್ಲ.

ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ 1979ರಲ್ಲಿ ಹೆಂಗಸರ ತಂಡ ಕಟ್ಟಿತು. ಕೋಚ್ ಆನ್ಸನ್ ಡಾರನ್ಸ್. ರಾಷ್ಟ್ರೀಯ ಕಾಲೇಜು ಪಂದ್ಯಾವಳಿ 1982ರಲ್ಲಿ ಶುರುವಾಯಿತು. ಡಾರನ್ಸ್ ಕಾಲದಲ್ಲಿ ಆ ಪ್ರಶಸ್ತಿಯನ್ನು 21 ಬಾರಿ ಹೊತ್ತುಕೊಂಡು ಹೋದದ್ದು ಇದೇ ಕಾಲೇಜು. ದಸರಾ ಕುಸ್ತಿಯಲ್ಲಿ ಒಬ್ಬನೇ ಪೈಲ್ವಾನ ಇಪ್ಪತ್ತೊಂದು ಸಲ ಗೆದ್ದರೆ ಜನ ಏನಂತಾರೋ ಹಾಗೆ.

1991ರಲ್ಲಿ ಚೀನಾದಲ್ಲಿ ಹೆಂಗಸರ ಮೊದಲ ವಿಶ್ವಕಪ್ ನಡೆಯಿತು. ಅಮೆರಿಕದ 18 ಆಟಗಾರ್ತಿಯರಲ್ಲಿ 9 ಮಂದಿ ಒಂದೇ ಕಾಲೇಜಿನವರು, ಈ ನಾರ್ತ್ ಕೆರೊಲಿನಾದವರು. ಕೋಚ್ ಕೂಡ ಅದೇ ಡಾರನ್ಸ್. ಒಂದು ಊರಿನ ಕಾಲೇಜು ದೇಶದ ಅರ್ಧ ತಂಡ ಆಗಿಬಿಟ್ಟಿತ್ತು. ನವೆಂಬರ್ 30ರ ಫೈನಲ್‌ನಲ್ಲಿ ನಾರ್ವೆ ಮೇಲೆ 2–1. ಎರಡೂ ಗೋಲು ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಮಿಷೆಲ್ ಏಕರ್ಸ್‌ದು. ಹತ್ತೊಂಬತ್ತು ವರ್ಷದ ಮಿಯಾ ಹ್ಯಾಮ್ ಓದಿಗೆ ಒಂದು ವರ್ಷ ರಜೆ ಹಾಕಿ ಹೋಗಿದ್ದಳು. ಅವಳ ಜೊತೆಗಾರ್ತಿ ಕ್ರಿಸ್ಟೀನ್ ಲಿಲ್ಲಿ ಮುಂದೆ ದೇಶಕ್ಕೆ 354 ಪಂದ್ಯ ಆಡಿದಳು. ಗಂಡಸರೂ ಸೇರಿ ಅಷ್ಟು ಆಡಿದವರು ಯಾರೂ ಇಲ್ಲ.

1999ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಮೈದಾನದಲ್ಲಿ ಅಮೆರಿಕ-ಚೀನಾ ಫೈನಲ್ ನೋಡಿದವರು 90,185 ಮಂದಿ. ಅಷ್ಟು ಜನ ಸೇರಿದ ಮೇಲೂ ಒಂದು ಮಾತು ನೆನಪಿಡಿ: ಆ ಗೆದ್ದ ಹೆಂಗಸರಿಗೆ ಮನೆಗೆ ಹೋಗಿ ಆಡಲು ಒಂದು ಪ್ರೊಫೆಷನಲ್ ಲೀಗು ಆಗ ಇರಲಿಲ್ಲ. 2001ರಲ್ಲಿ ಒಂದು ಹುಟ್ಟಿ 2003ರಲ್ಲಿ ಸತ್ತಿತು. 2009ರಲ್ಲಿ ಇನ್ನೊಂದು ಹುಟ್ಟಿ 2012ರಲ್ಲಿ ಮುಚ್ಚಿತು. 2013ರಲ್ಲಿ ಬಂದ ಮೂರನೆಯದು ಉಳಿಯಿತು. ಲೀಗುಗಳು ಹುಟ್ಟುತ್ತಾ ಸಾಯುತ್ತಾ ಇದ್ದ ಆ ಕಾಲದುದ್ದಕ್ಕೂ ಪ್ರತಿ ಆಗಸ್ಟಿನಲ್ಲಿ ತಪ್ಪದೆ ಮೈದಾನಕ್ಕೆ ಸುಣ್ಣದ ಗೆರೆ ಹಾಕಿದ್ದು ಕಾಲೇಜುಗಳು ಮಾತ್ರ.

ಇದರ ಲಾಭ ಪಕ್ಕದ ಮನೆಗೂ ಆಯಿತು. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಓದಿ ಆಡಿದ್ದು ಅಮೆರಿಕದ ಪೋರ್ಟ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ. ದೇಶಕ್ಕಾಗಿ ಅವಳು ಹೊಡೆದ ಗೋಲು 190. ರೊನಾಲ್ಡೊ, ಮೆಸ್ಸಿ ಅಂತ ನಮ್ಮ ಹುಡುಗರು ಬಸ್ಸಿನ ಹಿಂದಿನ ಸೀಟಿನಲ್ಲಿ ಜಗಳ ಆಡ್ತಾರಲ್ಲ, ಅವರಿಬ್ಬರಿಗೂ ಇಲ್ಲದ ಲೆಕ್ಕ ಇದು.

ಹಾಗಾದರೆ ಈ ದಾರಿ ಮುಚ್ಚುತ್ತಿರುವುದು ಯಾಕೆ?

ಕ್ಲಬ್ಬುಗಳಿಗೆ ಕಾಯುವ ತಾಳ್ಮೆ ಇಲ್ಲ, ಅಷ್ಟೆ. ಕಾಲೇಜು ಆಟದ ಸಾಲು ಆಗಸ್ಟಿನಿಂದ ಡಿಸೆಂಬರಿನೊಳಗೆ ಮುಗಿಯುತ್ತದೆ, ಇಪ್ಪತ್ತರ ಆಸುಪಾಸು ಪಂದ್ಯ. ವಾರಕ್ಕೆ ಎರಡೆರಡು ಪಂದ್ಯ ತುರುಕುತ್ತಾರೆ, ಬದಲಿ ಆಟಗಾರರನ್ನು ಬಸ್ ಸ್ಟ್ಯಾಂಡಿನ ಹಾಗೆ ಒಳಗೆ ಹೊರಗೆ ಬಿಡುತ್ತಾರೆ. ಅದೇ ವಯಸ್ಸಿನ ಜರ್ಮನ್ ಹುಡುಗ ವರ್ಷಪೂರ್ತಿ ಆಡುತ್ತಾನೆ. ಕಾಲೇಜು ಸಾಲನ್ನು ಎರಡೂ ಸೆಮಿಸ್ಟರಿಗೆ ಹರಡಿ ಅಂತ ಕೋಚುಗಳು ವರ್ಷಗಟ್ಟಲೆ ಗೋಗರೆದಿದ್ದಾರೆ. ಅಮೆರಿಕದ ಎಂಎಲ್‌ಎಸ್ ಲೀಗಿನ ಕ್ಲಬ್ಬುಗಳು ತಮ್ಮದೇ ಅಕಾಡೆಮಿ ತೆರೆದು ಹದಿನೈದು-ಹದಿನಾರಕ್ಕೇ ಹುಡುಗರಿಂದ ಸಹಿ ಹಾಕಿಸಿಕೊಳ್ಳುತ್ತಿವೆ. ವೆಸ್ಟನ್ ಮೆಕೆನ್ನಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಬರುತ್ತೇನೆ ಅಂತ ಒಪ್ಪಿಕೊಂಡಿದ್ದವನು, 2016ರಲ್ಲಿ ಜರ್ಮನಿಯ ಶಾಲ್ಕೆಗೆ ವಿಮಾನ ಹತ್ತಿದ. ಕ್ರಿಶ್ಚಿಯನ್ ಪುಲಿಸಿಕ್‌ನ ಅಪ್ಪ-ಅಮ್ಮ ಇಬ್ಬರೂ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಆಟಗಾರರು. ಜಿಯೋ ರೇನಾ ಅನ್ನುವವನ ಅಪ್ಪ ವರ್ಜೀನಿಯಾ, ಅಮ್ಮ ನಾರ್ತ್ ಕೆರೊಲಿನಾ. ಮಕ್ಕಳಿಬ್ಬರೂ ಕಾಲೇಜಿನ ಮೆಟ್ಟಿಲು ಹತ್ತದೆ ಹರೆಯದಲ್ಲೇ ಡಾರ್ಟ್‌ಮಂಡ್ ಸೇರಿದರು. ದಾರಿ ಹೇಗಿದೆ ಅಂತ ಚೆನ್ನಾಗಿ ಬಲ್ಲ ಮನೆಯವರೇ ಬೇರೆ ದಾರಿ ಹಿಡಿದರು ಅಂದಮೇಲೆ ಮಿಕ್ಕವರದ್ದೇನು!

ಹೆಂಗಸರಲ್ಲಿ ಲಿಂಡ್ಸೆ ಹೊರಾನ್ 2012ರಲ್ಲೇ ನಾರ್ತ್ ಕೆರೊಲಿನಾಕ್ಕೆ ಕೈಮುಗಿದು ಪ್ಯಾರಿಸ್ ಕ್ಲಬ್ಬಿಗೆ ಹೋದಳು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರೆಜಿಲ್ ಮೇಲೆ ಚಿನ್ನದ ಗೋಲು ಹೊಡೆದ ಮ್ಯಾಲರಿ ಸ್ವಾನ್ಸನ್, ಯುಸಿಎಲ್‌ಎ ಸೇರಿ ಒಂದೇ ಒಂದು ಲೆಕ್ಕದ ಪಂದ್ಯ ಆಡದೆ 2017ರಲ್ಲಿ ಹೊರಬಂದವಳು. ಅದೇ ತಿಂಗಳು ಹೆಂಗಸರ ಲೀಗು ಡ್ರಾಫ್ಟನ್ನೇ ರದ್ದು ಮಾಡಿತು. ಇನ್ನು ಆಟಗಾರ್ತಿ ತನಗೆ ಬೇಕಾದ ಕ್ಲಬ್ಬಿನ ಜೊತೆ ತಾನೇ ಮಾತಾಡಿಕೊಳ್ಳಬಹುದು. ಇದನ್ನು ನಾನು ತಪ್ಪು ಅನ್ನೋದಿಲ್ಲ. ಕೂಲಿ ಮಾಡೋಳಿಗೆ ಯಜಮಾನನನ್ನು ಆರಿಸಿಕೊಳ್ಳುವ ಹಕ್ಕು ಇರಬೇಕಾದ್ದೇ.

ಆದರೆ ಹದಿನಾರಕ್ಕೆ ಸಹಿ ಹಾಕಿ ಇಪ್ಪತ್ತಕ್ಕೆ ಕ್ಲಬ್ಬು ಬೇಡ ಅಂದ ಹುಡುಗನ ಗತಿ? ಅವನಿಗೆ ಡಿಗ್ರಿಯೂ ಇಲ್ಲ, ದುಡ್ಡು ತೆಗೆದುಕೊಂಡು ಆಡಿದವನು ಅಂತ ಕಾಲೇಜು ತಂಡದ ಬಾಗಿಲಲ್ಲೂ ಹತ್ತೆಂಟು ತಕರಾರು. ಮೆಸ್ಸಿ ಆಗುವವನಿಗೆ ಯಾವ ದಾರಿಯಾದರೂ ಒಂದೇ. ನಾನು ಕೇಳುತ್ತಿರುವುದು ಮೆಸ್ಸಿ ಆಗದವರ ಬಗ್ಗೆ. ಅವರೇ ನೂರಕ್ಕೆ ತೊಂಬತ್ತೊಂಬತ್ತು.

ನಮ್ಮಲ್ಲೂ ಇಂಥ ಜೋಡಿ ದಾರಿಯಲ್ಲಿ ನಡೆದ ಒಬ್ಬ ದೊಡ್ಡ ಮನುಷ್ಯ ಇದ್ದರು. ಡಾಕ್ಟರ್ ತಾಲಿಮೆರೆನ್ ಆವೋ, ನಾಗಾ ಬೆಟ್ಟದವರು. ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಲೇ ಮೋಹನ್ ಬಗಾನಿಗೆ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ನಾಯಕ ಅವರೇ. ಫ್ರಾನ್ಸ್ ಎದುರು 2–1ರಲ್ಲಿ ಸೋತ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಆವೋ 1950ರಲ್ಲಿ ಎಂಬಿಬಿಎಸ್ ಮುಗಿಸಿ ಊರಿಗೆ ಮರಳಿ ರೋಗಿಗಳ ನಾಡಿ ಹಿಡಿದರು, ಮುಂದೆ ನಾಗಾಲೆಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾದರು. ಒಬ್ಬರು ಹಾಗಾದರು. ಅದು ಅವರ ಸ್ವಂತ ತಾಕತ್ತು. ಅಮೆರಿಕದವರು ಅದನ್ನೇ ಒಂದು ಏರ್ಪಾಡು ಮಾಡಿಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಆ ಏರ್ಪಾಡಿನ ಖರ್ಚು ಈಗ ಕಾಲೇಜುಗಳಿಗೇ ಭಾರವಾಗುತ್ತಿದೆ. 2020ರ ಏಪ್ರಿಲಿನಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯ ತನ್ನ ಪುರುಷರ ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಮೇಲ್ದರ್ಜೆಯಲ್ಲಿ ಹೆಂಗಸರ ತಂಡ 300ಕ್ಕೂ ಹೆಚ್ಚಿದ್ದರೆ ಗಂಡಸರದು 200ರ ಆಸುಪಾಸು. ಟೈಟಲ್ ನೈನ್‌ನಿಂದಲೇ ಹೀಗಾಯಿತು ಅಂತ ಕೆಲವರು ಗೊಣಗುತ್ತಾರೆ. 85 ಸ್ಕಾಲರ್‌ಶಿಪ್ ನುಂಗಿದ ಹೆಲ್ಮೆಟ್ಟಿನ ಆಟವನ್ನು ಮಾತ್ರ ಯಾರೂ ಮುಟ್ಟೋದಿಲ್ಲ. ಅದರಲ್ಲಿ ಟಿಕೇಟಿನ ದುಡ್ಡಿದೆಯಲ್ಲ!

2025ರ ಜೂನಿನಲ್ಲಿ ಅಲ್ಲಿನ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಒಂದು ಕಾಲೇಜಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಮೇಲ್ಪಟ್ಟು. ಅದರ ಸಿಂಹಪಾಲು ಯಾವ ಆಟಕ್ಕೆ ಹೋಗುತ್ತದೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಡ. ಹಳೇ 9.9ರ ಲೆಕ್ಕ ಹೋಗಿ, ರಾಜಿಗೆ ಒಪ್ಪಿದ ಕಾಲೇಜುಗಳಲ್ಲಿ ಒಂದು ಫುಟ್‌ಬಾಲ್ ತಂಡಕ್ಕೆ 28 ಜನರ ಮಿತಿ ಬಂತು. ಕೇಳೋಕೆ ಧಾರಾಳವಾಗಿಯೇ ಇದೆ. ಆದರೆ ಅಮೆರಿಕದ ಪುರುಷರ ತಂಡಕ್ಕೆ ಎಲ್ಲರಿಗಿಂತ ಹೆಚ್ಚು, 164 ಪಂದ್ಯ ಆಡಿದ ಕೋಬಿ ಜೋನ್ಸ್ ಇದ್ದಾನಲ್ಲ, ಅವನು ಯುಸಿಎಲ್‌ಎಗೆ ಬಂದಾಗ ಅವನನ್ನು ಯಾರೂ ಕರೆದಿರಲಿಲ್ಲ, ಸ್ಕಾಲರ್‌ಶಿಪ್ಪೂ ಇರಲಿಲ್ಲ. ತಾನೇ ಮೈದಾನಕ್ಕೆ ಬಂದು, ನನ್ನನ್ನೂ ಒಮ್ಮೆ ನೋಡಿ ಅಂತ ನಿಂತವನು. ಇಪ್ಪತ್ತೆಂಟೇ ಹೆಸರಿನ ಪಟ್ಟಿ ಮಾಡಲು ಕೂತ ಕೋಚು ಪೆನ್ಸಿಲ್ ಹಿಡಿದರೆ, ಮೊದಲು ಹೊಡೆದುಹಾಕುವುದು ಹೀಗೆ ಕರೆಯದೆ ಬಂದು ನಿಂತವರ ಹೆಸರನ್ನೇ.